ಬೊಗಸೆಯಲ್ಲಿ ಹಿಡಿಸುವ ನಾಯಿಮರಿ: ಹೊಣೆ ಯಾರದು?

ಕಳೆದ ಕೆಲವು ವರ್ಷಗಳಿಂದ ನಮ್ಮ ಪತ್ರಿಕೆಗಳಲ್ಲಿ ನಾಯಿಯ ಸುದ್ದಿಯೆಂದರೆ ಭಯದ ಸುದ್ದಿ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಬೀದಿನಾಯಿಗಳ ದಾಳಿಗೆ ಬಲಿಯಾದುದನ್ನು ಈ ನಗರ ಮರೆತಿಲ್ಲ, ಮರೆಯಲೂಬಾರದು. 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆಯು ‘ಉಗ್ರ’ವೆಂದು ಹೆಸರಿಸಿದ 23 ತಳಿಗಳ ಮಾರಾಟವನ್ನೂ ಸಾಕಣೆಯನ್ನೂ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು, ಮರುತಿಂಗಳೇ ಕರ್ನಾಟಕ ಹೈಕೋರ್ಟು ಅದನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟು 11ರಂದು ಒಂದು ಆದೇಶವನ್ನೂ 22ರಂದು ಅದನ್ನು ಮಾರ್ಪಡಿಸಿದ ಇನ್ನೊಂದು ಆದೇಶವನ್ನೂ ನೀಡಿತು. ದೇಶವೆಲ್ಲ ಪರ-ವಿರೋಧ ಬಣಗಳಾಗಿ ಒಡೆಯಿತು.

ಈ ಗದ್ದಲದ ನಡುವೆ ಯಾರ ಚರ್ಚೆಗೂ ಸಿಗದೆ ಉಳಿದಿರುವ ಒಂದು ನಾಯಿ ಇದೆ. ಅದು ಯಾರನ್ನೂ ಕಚ್ಚಿ ಕೊಂದಿಲ್ಲ, ಬೀದಿಯಲ್ಲಿ ಅಲೆಯುವುದಿಲ್ಲ. ಚಹಾ ಕಪ್ಪಿನೊಳಗೆ ಕೂರಿಸಿ ತೆಗೆದ ಚಿತ್ರದ ಮೂಲಕ ನಮ್ಮ ಫೋನುಗಳಿಗೂ, ಅಲ್ಲಿಂದ ಮನೆಗಳಿಗೂ ಬರುತ್ತಿರುವ ‘ಟೀಕಪ್’ ನಾಯಿ ಅದು. ದೊಡ್ಡ ನಾಯಿಯಿಂದ ಮನುಷ್ಯನಿಗೆ ಆಗುವ ಅಪಾಯದ ಬಗ್ಗೆ ಸುತ್ತೋಲೆಗಳು ಹೊರಡುತ್ತವೆ. ಮನುಷ್ಯನಿಂದ ಈ ಪುಟಾಣಿ ನಾಯಿಗೆ ಆಗುತ್ತಿರುವ ಅಪಾಯದ ಬಗ್ಗೆ ಮಾತಿಲ್ಲ.

ಕೂಕಟ್‌ಪಲ್ಲಿಯ ನಮಗೆ ಈ ವಿಷಯ ದೂರದ್ದಲ್ಲ. ಕೆ.ಪಿ.ಎಚ್.ಬಿ. ಕಾಲೊನಿಯಿಂದ ನಿಜಾಂಪೇಟೆ, ಬಾಚುಪಲ್ಲಿಗಳವರೆಗೆ ಬಹುಮಹಡಿ ಕಟ್ಟಡಗಳು ಎದ್ದಿವೆ. ಹುಬ್ಬಳ್ಳಿಯಲ್ಲೋ ರಾಯಚೂರಿನಲ್ಲೋ ಹಿತ್ತಲಿದ್ದ ಮನೆಯಲ್ಲಿ ಬೆಳೆದವರು ಇಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನೆಲೆ ನಿಂತಿದ್ದಾರೆ. ಮಕ್ಕಳಿಗೆ ನಾಯಿ ಬೇಕು, ಅಜ್ಜಿಗೆ ಬೇಡ, ಅಪಾರ್ಟ್‌ಮೆಂಟಿನ ಸಂಘದವರಿಗೆ ಬೊಗಳುವ ಸದ್ದು ಬೇಡ. ಎಲ್ಲರಿಗೂ ಒಪ್ಪಿಗೆಯಾಗುವ ರಾಜಿಸೂತ್ರವೆಂದರೆ ಆದಷ್ಟೂ ಸಣ್ಣ ನಾಯಿ. ನೆರೆಯ ತೆಲುಗು ಮಕ್ಕಳೊಡನೆ ಆಡಿ ಕಲಿತ ಮಾತಿನಲ್ಲಿ ಅದಕ್ಕೆ ‘ಬುಜ್ಜಿ’ ಎಂದು ಹೆಸರಿಟ್ಟಾಗ ಮನೆಗೆ ಮನೆಯೇ ಕರಗಿಹೋಗುತ್ತದೆ. ಪ್ರೀತಿಯನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ನಮ್ಮ ಮನೆಯ ಅನುಕೂಲಕ್ಕೆ ಒಂದು ಜೀವದ ಗಾತ್ರವನ್ನು ಇಷ್ಟು ಕುಗ್ಗಿಸಬಹುದೇ, ಕುಗ್ಗಿಸಿದರೆ ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ವಿಚಾರಿಸಲೇಬೇಕಾಗಿದೆ.

ಮೊದಲಿಗೆ ಒಂದು ಭ್ರಮೆ ಕಳೆಯಬೇಕು. ‘ಟೀಕಪ್’ ಎಂಬುದು ತಳಿಯಲ್ಲ, ವ್ಯಾಪಾರಿಯ ಮಾತು. ಭಾರತದ ಕೆನೆಲ್ ಕ್ಲಬ್ ಆಗಲಿ, ಅಮೆರಿಕ ಮತ್ತು ಬ್ರಿಟನ್ನಿನ ಕೆನೆಲ್ ಕ್ಲಬ್ಬುಗಳಾಗಲಿ ಅಂಥ ತಳಿಯನ್ನು ಮಾನ್ಯ ಮಾಡಿಲ್ಲ. ಚಿವಾವಾ, ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್ ಮೊದಲಾದ ಮಾನ್ಯ ತಳಿಗಳು ಸ್ವಭಾವತಃ ಸಣ್ಣವು. ಅಮೆರಿಕದ ಮಾನದಂಡದಂತೆ ಬೆಳೆದ ಪೊಮೆರೇನಿಯನ್ ಸುಮಾರು 1.4ರಿಂದ 3.2 ಕಿಲೋ ತೂಗುತ್ತದೆ. ಇವುಗಳಲ್ಲಿಯೇ ಅತಿ ಸಣ್ಣದನ್ನು ಆರಿಸಿ ಇನ್ನೊಂದು ಅತಿ ಸಣ್ಣದರೊಡನೆ ಕೂಡಿಸಿ, ಹುಟ್ಟಿದವುಗಳಲ್ಲಿ ಮತ್ತೆ ಕಿರಿದನ್ನು ಆರಿಸಿ ಮುಂದುವರಿದರೆ ಸಿಗುವುದಕ್ಕೆ ‘ಟೀಕಪ್’ ಎಂಬ ಚೀಟಿ ಅಂಟಿಸಲಾಗುತ್ತದೆ.

ಇದೂ ಪ್ರಾಮಾಣಿಕ ಮಾರ್ಗದ ಮಾತಾಯಿತು. ಮಾರುವವನು ತೋರಿಸುವ ‘ಅತಿ ಸಣ್ಣ’ ಮರಿ ಬೇರೆ ಎರಡು ಬಗೆಗಳಲ್ಲಿಯೂ ಸಿದ್ಧವಾಗಬಹುದು. ಒಂದು ಸೂಲಿನಲ್ಲಿ ಹುಟ್ಟಿದ ಮರಿಗಳಲ್ಲಿ ಹಾಲು ಸಾಕಾಗದೆಯೋ ಹುಟ್ಟು ದೋಷದಿಂದಲೋ ಬೆಳೆಯದೆ ಉಳಿದ ಬಡಕಲು ಮರಿಯೊಂದಿರುತ್ತದೆ. ಹಿಂದೆ ಅದನ್ನು ಕೊಳ್ಳುವವರಿರಲಿಲ್ಲ. ಈಗ ಅದಕ್ಕೇ ಹೆಚ್ಚಿನ ಬೆಲೆ. ಇನ್ನೊಂದು ಬಗೆ ಇದಕ್ಕಿಂತ ಸುಲಭ: ನಾಲ್ಕೈದು ವಾರದ ಎಳೆ ಮರಿಯನ್ನು ತಾಯಿಯಿಂದ ಬಿಡಿಸಿ ತಂದು ‘ಎರಡು ತಿಂಗಳು ತುಂಬಿದೆ, ಇದರ ಗಾತ್ರವೇ ಇಷ್ಟು’ ಎನ್ನುವುದು. ಕೊಂಡವರು ಗಾತ್ರಕ್ಕೆ ಹಣ ಕೊಟ್ಟೆವೆಂದುಕೊಳ್ಳುತ್ತಾರೆ. ವಾಸ್ತವವಾಗಿ ಕೊಂಡದ್ದು ವಯಸ್ಸನ್ನು. ಆರು ತಿಂಗಳಲ್ಲಿ ಅದು ಸಾಮಾನ್ಯ ಗಾತ್ರಕ್ಕೆ ಬೆಳೆದರೆ ಅದೃಷ್ಟ. ತಾಯಿಯ ಹಾಲು ತಪ್ಪಿ, ಲಸಿಕೆಯ ರಕ್ಷಣೆಯೂ ಇಲ್ಲದೆ ಪಾರ್ವೊ ರೋಗಕ್ಕೆ ತುತ್ತಾದರೆ ಮನೆಯ ಮಕ್ಕಳು ವಾರವೊಂದರಲ್ಲೇ ಸಾವನ್ನು ನೋಡಬೇಕಾಗುತ್ತದೆ.

ಸಣ್ಣ ಗಾತ್ರವೆಂಬುದು ತನ್ನಷ್ಟಕ್ಕೆ ರೋಗವಲ್ಲ ಎಂಬುದನ್ನೂ ಹೇಳಬೇಕು. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯು ಸಣ್ಣ ತಳಿಗಳ ಗಾತ್ರಕ್ಕೆ ಐ.ಜಿ.ಎಫ್.-1 ಎಂಬ ಬೆಳವಣಿಗೆಯ ಜೀನು ಬಹುಮಟ್ಟಿಗೆ ಕಾರಣವೆಂದು ತೋರಿಸಿತು. ಆ ಜೀನಿನ ಸಣ್ಣಗಾತ್ರದ ರೂಪವು ಐವತ್ತು ಸಾವಿರ ವರ್ಷಗಳಿಗೂ ಹಿಂದಿನ ತೋಳಗಳಲ್ಲೇ ಇತ್ತೆಂದು 2022ರಲ್ಲಿ ತಿಳಿದುಬಂತು. ಅಂದರೆ ಕಿರಿತನದ ಬೀಜ ಪ್ರಕೃತಿಯಲ್ಲೇ ಇದೆ. ಸಣ್ಣ ತಳಿಯ ಆರೋಗ್ಯವಂತ ನಾಯಿಗಳು ಭಾರೀ ಗಾತ್ರದವುಗಳಿಗಿಂತ ಹೆಚ್ಚು ವರ್ಷ ಬದುಕುತ್ತವೆ. ಕೇಡು ಆರಂಭವಾಗುವುದು ಎಲ್ಲಿ ನಿಲ್ಲಿಸಬೇಕೆಂಬುದು ಮರೆತಾಗ. ಪೊಮೆರೇನಿಯನ್ನಿನ ಪೂರ್ವಜರು ಜರ್ಮನಿಯ ಕಡೆಯ ದೊಡ್ಡ ಸ್ಪಿಟ್ಜ್ ನಾಯಿಗಳು. ಅವು ಹತ್ತು ಹನ್ನೆರಡು ಕಿಲೋಗಿಂತಲೂ ಹೆಚ್ಚು ತೂಗುತ್ತಿದ್ದವು. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸಿನಿಂದ ‘ಮಾರ್ಕೊ’ ಎಂಬ ಸಣ್ಣ ನಾಯಿಯನ್ನು ತಂದ ಮೇಲೆ ಸಣ್ಣದಕ್ಕೇ ಮೋಹ ಹುಟ್ಟಿ, ತಲೆಮಾರೊಂದರೊಳಗೆ ತಳಿಯ ಗಾತ್ರ ಇಳಿದುಹೋಯಿತು. ರಾಣಿಯ ಆ ‘ಸಣ್ಣ’ ಮಾರ್ಕೊ ಸಹ ಇಂದಿನ ಟೀಕಪ್ಪುಗಳ ಮುಂದೆ ದೈತ್ಯನೇ.

ದೇಹವನ್ನು ಕುಗ್ಗಿಸಿದಷ್ಟು ಸುಲಭವಾಗಿ ಅಂಗಗಳನ್ನು ಕುಗ್ಗಿಸಲಾಗದು. ಬೆಳೆದ ನಾಯಿಗೆ 42 ಹಲ್ಲು. ಗ್ರೇಟ್ ಡೇನಿಗೂ ಅಷ್ಟೇ, ಚಿವಾವಾಕ್ಕೂ ಅಷ್ಟೇ. ಹೆಬ್ಬೆರಳಿನಷ್ಟು ದವಡೆಯಲ್ಲಿ ಅವೆಲ್ಲ ಒತ್ತೊತ್ತಾಗಿ ಹುಟ್ಟುತ್ತವೆ, ಹಾಲುಹಲ್ಲು ಬೀಳದೆ ಉಳಿಯುತ್ತದೆ, ವಸಡು ಕೊಳೆಯುತ್ತದೆ. ಹಸುಗೂಸಿನ ನೆತ್ತಿಯಂತೆ ಇವುಗಳ ತಲೆಬುರುಡೆಯ ನಡುವೆ ಮೆತ್ತನೆಯ ಸಂದು ಉಳಿಯುವುದುಂಟು. ಕೆಲವಕ್ಕೆ ಮಿದುಳಿನಲ್ಲಿ ನೀರು ತುಂಬಿಕೊಳ್ಳುತ್ತದೆ. ಮಂಡಿಚಿಪ್ಪು ಜಾರುತ್ತದೆ. ಶ್ವಾಸನಾಳ ಕುಸಿದು ಹೆಬ್ಬಾತು ಕೂಗಿದಂತೆ ಕೆಮ್ಮು ಬರುತ್ತದೆ. ಕೆಲವು ಮರಿಗಳಲ್ಲಿ ರಕ್ತವು ಯಕೃತ್ತನ್ನು ಬಳಸಿಕೊಂಡು ಹೋಗುವ ಅಡ್ಡನಾಳವೊಂದು ಹುಟ್ಟಿನಿಂದಲೇ ಇದ್ದು, ಶುದ್ಧಿಯಾಗದ ರಕ್ತ ಮಿದುಳಿಗೆ ಏರುತ್ತದೆ. ಸೋಫಾದಿಂದ ಜಿಗಿದರೆ ಮುಂಗಾಲು ಮುರಿಯುತ್ತದೆ. ಕಡ್ಡಿಯಂಥ ಆ ಮೂಳೆಯನ್ನು ಕೂಡಿಸುವುದು ಶಸ್ತ್ರವೈದ್ಯರಿಗೂ ಸವಾಲು.

ಎಲ್ಲಕ್ಕಿಂತ ಬೇಗ ಕೊಲ್ಲುವುದು ರಕ್ತದಲ್ಲಿನ ಸಕ್ಕರೆಯ ಕೊರತೆ. ಇಷ್ಟು ಸಣ್ಣ ದೇಹದಲ್ಲಿ ಶಕ್ತಿಯ ದಾಸ್ತಾನು ಇಲ್ಲವೇ ಇಲ್ಲ. ಎಳೆಯ ಮರಿಗೆ ಮೂರು ನಾಲ್ಕು ಗಂಟೆಗೊಮ್ಮೆ ಆಹಾರ ಬೇಕು. ಗಂಡಹೆಂಡಿರಿಬ್ಬರೂ ಬೆಳಗ್ಗೆ ಮಿಯಾಪುರದಲ್ಲಿ ಮೆಟ್ರೊ ಹತ್ತಿ ಸಂಜೆ ಬರುವ ಮನೆಯಲ್ಲಿ ಇದನ್ನು ಯಾರು ನೋಡುತ್ತಾರೆ? ಒಂದು ಊಟ ತಪ್ಪಿದರೆ ಮರಿ ಮಂಕಾಗಿ, ತೂರಾಡಿ, ನಡುಗಿ ಬೀಳುತ್ತದೆ. ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ವಸಡಿಗೆ ಬೆರಳಿನಿಂದ ಹಚ್ಚಿ, ಎಚ್ಚರವಿಲ್ಲದ ಮರಿಯ ಬಾಯಿಗೆ ಏನನ್ನೂ ಸುರಿಯದೆ, ಕೂಡಲೇ ವೈದ್ಯರಲ್ಲಿಗೆ ಓಡಬೇಕು.

ನಮ್ಮ ಅಡುಗೆಮನೆಯ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಮಾಂಸಾಹಾರವಿಲ್ಲವೆಂದು ಮರಿಯನ್ನು ಬರೀ ಹಾಲು, ಮೊಸರನ್ನದ ಮೇಲೆ ಬೆಳೆಸುವವರಿದ್ದಾರೆ. ಬೆಳೆಯುವ ಮರಿಗೆ ಬೇಕಾದ ಪ್ರೋಟೀನು ಅದರಲ್ಲಿ ಇಲ್ಲ. ಹಬ್ಬದ ದಿನ ಪಾಯಸದ ದ್ರಾಕ್ಷಿ, ಈರುಳ್ಳಿ ಹುಳಿ, ಮಕ್ಕಳ ಚಾಕೊಲೇಟು, ಇವು ಯಾವ ನಾಯಿಗೂ ವಿಷ. ಮೂವತ್ತು ಕಿಲೋದ ಲ್ಯಾಬ್ರಡಾರ್ ತಡೆದುಕೊಳ್ಳಬಹುದಾದ ತುಣುಕು ಒಂದೂವರೆ ಕಿಲೋದ ನಾಯಿಗೆ ಇಪ್ಪತ್ತು ಪಟ್ಟಾಗಿ ತಾಕುತ್ತದೆ.

ಇಷ್ಟು ಹೇಳಿದ್ದು ಮರಿಯ ಪಾಡು. ಚಿತ್ರದಲ್ಲಿ ಎಂದೂ ಕಾಣಿಸಿಕೊಳ್ಳದವಳು ತಾಯಿ. ದೊಡ್ಡದಾಗಲಿ ಸಣ್ಣದಾಗಲಿ, ನಾಯಿಯ ಗರ್ಭಾವಧಿ ಸುಮಾರು 63 ದಿನ. ಅತಿ ಸಣ್ಣ ತಾಯಿಯ ಗರ್ಭದಲ್ಲಿ ಒಂದೋ ಎರಡೋ ಮರಿ. ಒಂದೇ ಇದ್ದಾಗ ಅದು ತಾಯಿಯ ಕಟಿಗೆ ಮೀರಿ ಬೆಳೆಯುತ್ತದೆ. ದುಂಡು ತಲೆ ಹೊರಬರದೆ ಸಿಕ್ಕಿಕೊಳ್ಳುತ್ತದೆ. ಆಗ ಸಿಸೇರಿಯನ್ನೇ ದಾರಿ. ಅಷ್ಟು ಸಣ್ಣ ದೇಹಕ್ಕೆ ಅರಿವಳಿಕೆ ಕೊಡುವುದೇ ಒಂದು ಗಂಡಾಂತರ. ಹೆತ್ತ ಎರಡು ಮೂರು ವಾರಗಳಲ್ಲಿ, ಹಾಲಿಗೆ ಸುಣ್ಣದ ಅಂಶ ಹರಿದುಹೋಗಿ, ಬಾಣಂತಿ ನಾಯಿ ಮೈಯೆಲ್ಲ ಸೆಟೆದು ನಡುಗತೊಡಗುತ್ತದೆ; ಗಂಟೆಗಳೊಳಗೆ ಚಿಕಿತ್ಸೆ ಸಿಗದಿದ್ದರೆ ಸಾಯುತ್ತದೆ. ಇದು ಸಣ್ಣ ತಳಿಗಳಲ್ಲೇ ಹೆಚ್ಚು. ಆದ್ದರಿಂದಲೇ ವಿವೇಕಿಗಳಾದ ತಳಿಗಾರರು ಅತಿ ಸಣ್ಣ ಹೆಣ್ಣುನಾಯಿಗೆ ಮರಿ ಹಾಕಿಸುವುದೇ ಇಲ್ಲ. ‘ಅಪ್ಪ ಅಮ್ಮ ಎರಡೂ ಟೀಕಪ್ಪೇ’ ಎಂದು ಹೆಮ್ಮೆಯಿಂದ ಹೇಳುವ ಮಾರಾಟಗಾರನು ತನಗರಿವಿಲ್ಲದೆ ತಪ್ಪೊಪ್ಪಿಗೆಯನ್ನೇ ಮಾಡುತ್ತಿದ್ದಾನೆ.

ಕಾನೂನಿಲ್ಲವೇ? ಇದೆ. ಕಾನೂನು ಆಯೋಗವು 2015ರಲ್ಲಿ ತನ್ನ 261ನೆಯ ವರದಿಯಲ್ಲಿ ಸಾಕುಪ್ರಾಣಿ ಅಂಗಡಿಗಳನ್ನೂ ನಾಯಿ ತಳಿ ವ್ಯಾಪಾರವನ್ನೂ ನಿಯಂತ್ರಿಸಬೇಕೆಂದಿತು. 2017ರಲ್ಲಿ ನಾಯಿ ತಳಿವೃದ್ಧಿ ಮತ್ತು ಮಾರಾಟದ ನಿಯಮಗಳು ಜಾರಿಗೆ ಬಂದವು. ಅವುಗಳ ಪ್ರಕಾರ ತಳಿಗಾರನು ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮುನ್ನವೂ ಎಂಟು ವರ್ಷ ದಾಟಿದ ಮೇಲೂ ಮರಿ ಹಾಕಿಸಬಾರದು. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೀಗೆ ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟು. ಆದರೆ ಈ ನಿಯಮಗಳ ತಾಯಿ ಕಾಯ್ದೆಯಾದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಮೊದಲ ಅಪರಾಧಕ್ಕೆ ಬರೆದಿಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಅದನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರಕಾರ 2022ರ ನವೆಂಬರಿನಲ್ಲಿ ಪ್ರಕಟಿಸಿತ್ತು. ಐವತ್ತು ರೂಪಾಯಿಗೆ ಇಂದು ಪೆಟ್ ಅಂಗಡಿಯಲ್ಲಿ ಕೊರಳಪಟ್ಟಿಯೂ ಸಿಗುವುದು ಕಷ್ಟ.

ಗಾತ್ರದ ಬಗ್ಗೆ ನಮ್ಮ ನಿಯಮಗಳಲ್ಲಿ ಮಿತಿಯಿಲ್ಲ ಎಂಬುದೇ ದೊಡ್ಡ ಕೊರತೆ. ಹೊರದೇಶಗಳು ಈ ದಿಕ್ಕಿನಲ್ಲಿ ಮುಂದೆ ಹೋಗಿವೆ. ಹುಟ್ಟುವ ಪ್ರಾಣಿಗೆ ನೋವು ತರುವಂಥ ತಳಿವೃದ್ಧಿಯನ್ನೇ ಜರ್ಮನಿಯ ಪ್ರಾಣಿರಕ್ಷಣಾ ಕಾನೂನು ನಿಷೇಧಿಸಿದೆ. ಆ ಭಾಷೆಯಲ್ಲಿ ಅದಕ್ಕೆ ‘ಯಾತನೆಯ ತಳಿ’ ಎಂಬರ್ಥದ ಪದವೇ ಇದೆ. ನಾರ್ವೆಯಲ್ಲಿ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ಸಣ್ಣ ತಳಿಯನ್ನು ಈಗಿನ ರೀತಿಯಲ್ಲಿ ಮುಂದುವರಿಸುವುದು ಕಾನೂನುಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಮಾನಿಸಿತು. ಇಂಗ್ಲೆಂಡಿನಲ್ಲಿ 2020ರಿಂದ ಆರು ತಿಂಗಳೊಳಗಿನ ಮರಿಯನ್ನು ದಲ್ಲಾಳಿಗಳೂ ಅಂಗಡಿಗಳೂ ಮಾರುವಂತಿಲ್ಲ. ಕೊಳ್ಳುವವರು ಮರಿಯನ್ನು ತಾಯಿಯೊಡನೆ ಹುಟ್ಟಿದ ಜಾಗದಲ್ಲೇ ನೋಡಬೇಕು.

ನಮ್ಮಲ್ಲಿ ಬೇಡಿಕೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. 2003ರಲ್ಲಿ ಹಚ್ ಫೋನ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನನ್ನು ಹೋದಲ್ಲೆಲ್ಲ ಹಿಂಬಾಲಿಸಿದ ಪಗ್ ನಾಯಿಯನ್ನು ಅಂದು ಟಿ.ವಿ. ನೋಡಿದವರಾರೂ ಮರೆತಿರಲಾರರು. ಅದನ್ನು ಚಿತ್ರೀಕರಿಸಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ಬಲು ಸೊಗಸಾದ ಜಾಹೀರಾತು. ಅದರ ಬೆನ್ನಿಗೇ ಪಗ್ ಬೇಕೆಂಬ ಹುಚ್ಚು ನಗರದಿಂದ ನಗರಕ್ಕೆ ಹಬ್ಬಿತು. ಮೂಗೇ ಇಲ್ಲದಂಥ ಮುಖದ ಆ ಪುಟ್ಟ ನಾಯಿ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಉಸಿರಾಡಲು ಒದ್ದಾಡುವುದು, ಅದರ ಗೊರಕೆ ಮುದ್ದಲ್ಲ, ಏದುಸಿರು ಎಂಬುದು ಕೊಂಡವರಿಗೆ ತಡವಾಗಿ ತಿಳಿಯಿತು. ಇಂದು ಜಾಹೀರಾತಿಗೆ ಕಂಪನಿಯೂ ಬೇಕಿಲ್ಲ. ಅರ್ಧ ನಿಮಿಷದ ವಿಡಿಯೊ ಸಾಕು.

ಇದಕ್ಕೆ ಎದುರು ನಿಂತ ಕನ್ನಡದ ಕೃತಿಯೊಂದಿದೆಯೆಂಬುದು ನಮಗೆ ಸಮಾಧಾನದ ಸಂಗತಿ. ಕಿರಣ್‌ರಾಜ್ ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ 2022ರ ಜೂನ್‌ನಲ್ಲಿ ಬಿಡುಗಡೆಯಾದಾಗ ಅಂದಿನ ಮುಖ್ಯಮಂತ್ರಿಗಳೇ ಚಿತ್ರ ನೋಡಿ ಕಣ್ಣೀರಿಟ್ಟರು. ಕರ್ನಾಟಕ ಸರಕಾರ ರಾಜ್ಯದ ಪಾಲಿನ ಜಿ.ಎಸ್.ಟಿ. ವಿನಾಯಿತಿ ನೀಡಿತು, ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಎಲ್ಲರೂ ನೆನಪಿಟ್ಟದ್ದು ಧರ್ಮ ಮತ್ತು ಚಾರ್ಲಿಯ ಹಿಮಾಲಯದ ಪಯಣವನ್ನು. ಆದರೆ ಕಥೆಯ ಬೇರು ಬೇರೆಡೆ ಇದೆ: ಚಾರ್ಲಿ ಕ್ರೂರಿಯಾದ ತಳಿ ವ್ಯಾಪಾರಿಯಿಂದ ತಪ್ಪಿಸಿಕೊಂಡು ಬಂದ ನಾಯಿ, ಹತ್ತಿರದ ರಕ್ತಸಂಬಂಧದೊಳಗೇ ಮರಿ ಹಾಕಿಸಿದುದರ ಫಲ ಅದರ ಕಾಯಿಲೆ. ಚಿತ್ರಮಂದಿರದಲ್ಲಿ ಅತ್ತು ಹೊರಬಂದ ನಮ್ಮಲ್ಲಿ ಎಷ್ಟು ಮಂದಿ ಆ ಭಾಗವನ್ನು ಮನೆಗೆ ಕೊಂಡೊಯ್ದೆವು?

ಏಕೆಂದರೆ ತಳಿ ವ್ಯಾಪಾರಿಯೆಂದರೆ ಎಲ್ಲೋ ಕತ್ತಲ ಕೋಣೆಯಲ್ಲಿ ಪಂಜರಗಳನ್ನಿಟ್ಟುಕೊಂಡವನು ಎಂದೇ ನಮ್ಮ ಕಲ್ಪನೆ. ನಮ್ಮ ನಡುವೆಯೇ ನಡೆಯುವುದು ಇನ್ನೊಂದು. ಮನೆಯ ಹೆಣ್ಣುನಾಯಿ ಬೆದೆಗೆ ಬಂದಾಗ ‘ಒಮ್ಮೆಯಾದರೂ ತಾಯಿಯಾಗಲಿ’ ಎಂಬ ಮಾತು ಬರುತ್ತದೆ. ಪರಿಚಿತರ ಮನೆಯ ಗಂಡುನಾಯಿ ಸಿಗುತ್ತದೆ. ಮರಿಗಳಲ್ಲೊಂದು ಅವರಿಗೆ, ಉಳಿದವು ಮಾರಾಟಕ್ಕೆ. ಕಟ್ಟಡದ ವಾಟ್ಸ್ಯಾಪ್ ಗುಂಪಿನಲ್ಲಿ ಚಿತ್ರ ಹರಿದಾಡುತ್ತದೆ. ತಾಯ್ತನ ಕಾಣದಿದ್ದರೆ ನಾಯಿಗೆ ಕೊರಗು ಎಂಬುದು ನಮ್ಮ ಮನಸ್ಸನ್ನು ಅದರ ಮೇಲೆ ಹೊರಿಸಿದ್ದೇ ಹೊರತು ವೈದ್ಯಶಾಸ್ತ್ರದ ಮಾತಲ್ಲ. ಸಕಾಲದಲ್ಲಿ ಮಾಡಿಸಿದ ಶಸ್ತ್ರಚಿಕಿತ್ಸೆ ಗರ್ಭಕೋಶದ ಕೀವಿನಂಥ ಮಾರಕ ರೋಗವನ್ನು ತಪ್ಪಿಸುತ್ತದೆ. ಇನ್ನು ಕಾನೂನಿನ ಮಾತು: 2017ರ ನಿಯಮಗಳ ವ್ಯಾಖ್ಯೆಯಲ್ಲಿ ತಳಿಗಾರನೆಂದರೆ ಮಾರಾಟಕ್ಕಾಗಿ ಮರಿ ಹಾಕಿಸುವ ಒಬ್ಬ ವ್ಯಕ್ತಿಯೂ ಹೌದು. ಎರಡು ಕಿಲೋದ ನಾಯಿಗೆ ‘ಒಮ್ಮೆ’ ಮರಿ ಹಾಕಿಸುವ ಸುಸಂಸ್ಕೃತ ಗೃಹಸ್ಥರು ಆ ವ್ಯಾಖ್ಯೆಯೊಳಗೇ ನಿಂತಿದ್ದಾರೆ. ಮಧ್ಯರಾತ್ರಿ ಹೆರಿಗೆ ಸಿಕ್ಕಿಕೊಂಡರೆ ಎಲ್ಲಿಗೆ ಹೋಗಬೇಕು, ಸಿಸೇರಿಯನ್ ಮಾಡುವವರು ಯಾರು, ಹುಟ್ಟಿದ ನೂರು ನೂರೈವತ್ತು ಗ್ರಾಮಿನ ಮರಿಗೆ ರಾತ್ರಿಯಿಡೀ ಬೆಚ್ಚಗಿಟ್ಟು ಹಾಲುಣಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಮನೆಯಲ್ಲಿ ಈ ಸಾಹಸ ಸಲ್ಲದು.

ಕೊಳ್ಳಲೇಬೇಕೆನ್ನುವವರಿಗೆ ನಾವು ಹೇಳುವುದಿಷ್ಟು. ಮರಿಯನ್ನು ರಸ್ತೆ ಬದಿಯಲ್ಲಿ, ಕಾರಿನ ಡಿಕ್ಕಿಯಲ್ಲಿ, ‘ಮನೆಗೇ ತಂದುಕೊಡುತ್ತೇವೆ’ ಎಂಬ ಮಾತಿನ ಮೇಲೆ ಕೊಳ್ಳಬೇಡಿ. ತಾಯಿಯನ್ನು ನೋಡಿ; ಅದರ ಗಾತ್ರ, ನಡಿಗೆ, ಹೊಟ್ಟೆಯ ಮೇಲಿನ ಹೊಲಿಗೆಯ ಗುರುತುಗಳು ಮಾರುವವನಿಗಿಂತ ಹೆಚ್ಚು ಹೇಳುತ್ತವೆ. ಪ್ರಾಣಿಕಲ್ಯಾಣ ಮಂಡಳಿಯ ನೋಂದಣಿ ಪತ್ರ ಕೇಳಿ. ಕೆನೆಲ್ ಕ್ಲಬ್ಬಿನ ವಂಶಾವಳಿಯ ಕಾಗದ ನೋಂದಣಿ ಪತ್ರವಲ್ಲ, ಆರೋಗ್ಯದ ಪ್ರಮಾಣವೂ ಅಲ್ಲ. ಹಣ ಕೊಡುವ ಮುನ್ನ ನಿಮ್ಮದೇ ವೈದ್ಯರಿಂದ ನೆತ್ತಿ, ಹೃದಯ, ಮಂಡಿ, ಹಲ್ಲು ತಪಾಸಣೆ ಮಾಡಿಸಿ. ಹಲ್ಲು ನೋಡಿದರೆ ವಯಸ್ಸಿನ ಸುಳ್ಳೂ ಹೊರಬೀಳುತ್ತದೆ. ಇದಕ್ಕೊಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ. ಮರಿಯ ಮೇಲೆ ಮರುಕ ಹುಟ್ಟಿ ‘ಪಾಪ, ಇದನ್ನಾದರೂ ಉಳಿಸೋಣ’ ಎಂದು ಕೊಳ್ಳುವವರೂ ಇದ್ದಾರೆ. ಆ ಹಣವೇ ಅದರ ತಾಯಿಯ ಮುಂದಿನ ಸೂಲಿಗೆ ಮುಂಗಡವಾಗುತ್ತದೆ.

ಈಗಾಗಲೇ ಅಂಥ ನಾಯಿ ಮನೆಯಲ್ಲಿದ್ದರೆ ಅದಕ್ಕೆ ಬೇಕಾದದ್ದು ಪಶ್ಚಾತ್ತಾಪವಲ್ಲ, ಆರೈಕೆ. ಕೊರಳಪಟ್ಟಿಗೆ ಬದಲು ಎದೆಗೆ ತೊಡಿಸುವ ಹಾರ್ನೆಸ್, ಸೋಫಾಕ್ಕೆ ಮೆಟ್ಟಿಲು, ಜಾರುವ ಟೈಲ್ಸ್ ಮೇಲೆ ಚಾಪೆ, ದಿನಕ್ಕೆ ನಾಲ್ಕಾರು ಸಣ್ಣ ಊಟ, ವರ್ಷಕ್ಕೊಮ್ಮೆ ಹಲ್ಲಿನ ತಪಾಸಣೆ. ನಗರದಲ್ಲಿ ರಾಜೇಂದ್ರನಗರದ ಪಶುವೈದ್ಯ ಕಾಲೇಜು, ನಾರಾಯಣಗೂಡದ ಸರಕಾರಿ ಪಶು ಆಸ್ಪತ್ರೆ ಇವೆ. ಎರಡೂ ಕೂಕಟ್‌ಪಲ್ಲಿಗೆ ದೂರವೇ. ಆದ್ದರಿಂದ ರಾತ್ರಿ ತೆರೆದಿರುವ ಹತ್ತಿರದ ಚಿಕಿತ್ಸಾಲಯ ಯಾವುದೆಂದು ಅಗತ್ಯ ಬೀಳುವ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಲೇಸು.

ಕೊನೆಗೆ ಅಪಾರ್ಟ್‌ಮೆಂಟ್ ಸಂಘಗಳ ಪಾತ್ರ. ನಮ್ಮ ಬಳಗದ ಹಲವರು ಇಂಥ ಸಂಘಗಳ ಪದಾಧಿಕಾರಿಗಳಾಗಿರುವುದರಿಂದ ಇದನ್ನು ಹೇಳಲೇಬೇಕು. ‘ಸಣ್ಣ ನಾಯಿಗೆ ಮಾತ್ರ ಅನುಮತಿ’ ಎಂಬ ಬಾಯಿಮಾತಿನ ಕಟ್ಟಳೆಯೇ ಟೀಕಪ್ ವ್ಯಾಪಾರಕ್ಕೆ ಗಿರಾಕಿಗಳನ್ನು ಒದಗಿಸುತ್ತಿದೆ. ಭಾರತೀಯ ಪ್ರಾಣಿಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ನಿವಾಸಿ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲವೆಂದಿದೆ. ಸಣ್ಣದು ಸರಿ, ದೊಡ್ಡದು ಬೇಡ ಎಂಬ ಭೇದವನ್ನೂ ಅದು ಒಪ್ಪುವುದಿಲ್ಲ. ಹದಿನೈದು ಕಿಲೋದ, ಲಸಿಕೆ ಹಾಕಿಸಿದ, ಶಸ್ತ್ರಚಿಕಿತ್ಸೆಯಾದ ನಾಡನಾಯಿಯೊಂದು ದಿನವಿಡೀ ಕೀರಲು ದನಿಯಲ್ಲಿ ಬೊಗಳುವ ಅಂಜುಬುರುಕ ಪುಟ್ಟ ನಾಯಿಗಿಂತ ಎಷ್ಟೋ ವೇಳೆ ಒಳ್ಳೆಯ ನೆರೆಯಾದೀತು. 2025ರ ಆಗಸ್ಟ್‌ನಲ್ಲಿ ಹೈದರಾಬಾದಿನ ನಗರಪಾಲಿಕೆಯು ಬಂಜಾರಾ ಹಿಲ್ಸಿನ ಜಲಗಂ ವೆಂಗಳರಾವ್ ಉದ್ಯಾನದಲ್ಲಿ ಬೀದಿಯ ನಾಡಮರಿಗಳನ್ನು ದತ್ತು ಕೊಡುವ ಕಾರ್ಯಕ್ರಮವನ್ನೇ ಏರ್ಪಡಿಸಿತ್ತು. ಅಲ್ಲಿಂದ ತಂದ ಮರಿ ಆರು ತಿಂಗಳಲ್ಲಿ ಮೊಣಕಾಲೆತ್ತರಕ್ಕೆ ಬೆಳೆದಾಗ ಅದನ್ನು ಲಿಫ್ಟಿನಲ್ಲಿ ಕರೆದೊಯ್ಯಲು ಬಿಡುತ್ತೇವೆಯೇ ಎಂಬುದನ್ನು ನಮ್ಮ ಸಂಘಗಳು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನಿಸಿ, ನಡಾವಳಿಯಲ್ಲಿ ಬರೆದಿಡಬೇಕಾಗಿದೆ.